ವಲಸೆ ಬಂದವರ ಮನಸ್ಸು ಅರಿಯಲು ಥೆರಪಿಸ್ಟ್ ಏನು ಕಲಿಯಬೇಕು?

‘ಬಂದು ಐವತ್ತು ವರ್ಷ ಆಯ್ತು, ಇನ್ನೂ ಎಂಥ ಚಿಂತೆ?’ ವಲಸಿಗರ ಬಗ್ಗೆ ಇಂಥ ಮಾತನ್ನು ನೀವೂ ಕೇಳಿರಬಹುದು. ಊರು ಬಿಟ್ಟ ನೋವು ಕಾಲ ಕಳೆದಂತೆ ತಾನಾಗಿ ಮಾಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಇದು ಅರ್ಧ ಸತ್ಯ.

ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳನ್ನೇ ನೋಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ಭತ್ತ. ಆದರೆ ಪೌರತ್ವದ ಕಾಗದದ ಪ್ರಶ್ನೆ ಹಲವರಿಗೆ ದಶಕಗಳ ಕಾಲ ಉಳಿಯಿತು. ಅವರಲ್ಲಿ ಅನೇಕರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ, ಇಲ್ಲಿ ಆ ಪ್ರಮಾಣಪತ್ರಕ್ಕಾಗಿ ಹೋರಾಟ. ಕಳೆದುಹೋದ ಊರಿನ ನೆನಪಿಗಿಂತ ಇವತ್ತಿನ ಈ ಅನಿಶ್ಚಿತತೆಯೇ ಹೆಚ್ಚು ಕಾಡಬಹುದು. 2005ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ, 56 ವರದಿಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೂ ಇತ್ತಲೇ ಬೆರಳು ಮಾಡುತ್ತದೆ: ಕಾಯಂ ಮನೆ, ದುಡಿಮೆಯ ಅವಕಾಶ ಸಿಕ್ಕ ನಿರಾಶ್ರಿತರ ಮಾನಸಿಕ ಆರೋಗ್ಯ ಇತರ ನಿರಾಶ್ರಿತರಿಗಿಂತ ಉತ್ತಮವಾಗಿತ್ತು.

ಹಾಗಾಗಿ ಥೆರಪಿಸ್ಟ್‌ಗೆ ಪದವಿ ಮೊದಲ ಮೆಟ್ಟಿಲು ಮಾತ್ರ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಓದು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ತರಬೇತಿ. ಅಷ್ಟಾದ ಮೇಲೂ ಎದುರಿಗೆ ಕೂತವರ ಭಾಷೆ ಬಾರದಿದ್ದರೆ?

ಸಂವಹನ ಓದಿದ ನನಗೆ ಇದೇ ಅತಿ ಮುಖ್ಯ ಅನಿಸುತ್ತದೆ. ಬಂಗಾಳಿಯಲ್ಲಿ ‘ಮೊನ್ ಖಾರಾಪ್’ ಎಂದರೆ ‘ಮನಸ್ಸಿಗೆ ಬೇಜಾರು’. ಅದನ್ನು ‘ತಲೆ ಕೆಟ್ಟಿದೆ’ ಎಂದು ಅನುವಾದಿಸಿದರೆ ಬೇಜಾರು ಹುಚ್ಚಾಗಿಬಿಡುತ್ತದೆ! ಮನೆಯ ಮಗುವನ್ನೇ ದುಭಾಷಿಯಾಗಿ ಕೂರಿಸುವುದಂತೂ ಬೇಡವೇ ಬೇಡ. ತಾಯಿ ಸಾಯುವ ಮಾತನ್ನು ಹತ್ತು ವರ್ಷದ ಮಗಳ ಬಾಯಲ್ಲಿ ಹೇಳಿಸಿಯಾಳೇ? ಹೊರಗಿನ ದುಭಾಷಿ ಬೇಕು. ಗುಟ್ಟು ಕಾಯುವ ಬಗ್ಗೆ ಅವರಿಗೆ ಮೊದಲೇ ತಿಳಿಸಿರಬೇಕು. ಅವರು ‘ಆಕೆ ಹೇಳ್ತಾಳೆ’ ಎನ್ನದೆ ‘ನನಗೆ’ ಎಂದೇ ಅನುವಾದಿಸಬೇಕು. ಥೆರಪಿಸ್ಟ್ ದುಭಾಷಿಯನ್ನಲ್ಲ, ಆಕೆಯನ್ನು ನೋಡುತ್ತಾ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು.

ಕನ್ನಡವೇ ಆದರೂ ಕೆಲಸ ಸಲೀಸಲ್ಲ. ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ‘ಖಿನ್ನತೆ’ ಎನ್ನುವುದಿಲ್ಲ. ‘ತೆಲಿ ಭಾರ’, ‘ಎದಿ ಹಾರ್ತದ’, ‘ಮೈಯಾಗ ಕಸುವಿಲ್ಲ’ ಎನ್ನುತ್ತಾರೆ. ಇದನ್ನು ಕೇಳಿ ಬರೀ ವಿಟಮಿನ್ ಗುಳಿಗೆ ಕೊಟ್ಟು ಕಳಿಸಿದರೆ ಮೂಲ ಕಾರಣ ಅಲ್ಲೇ ಉಳಿಯುತ್ತದೆ. ದೈಹಿಕ ಕಾಯಿಲೆ ಇಲ್ಲವೇ ಎಂದು ಪರೀಕ್ಷಿಸಿ, ಜೊತೆಗೆ ನಿದ್ದೆ, ಸಾಲ, ಬಾಕಿ ಕೂಲಿಯ ಬಗ್ಗೆಯೂ ಕೇಳಬೇಕು.

ಎಲ್ಲ ಕೆಲಸಕ್ಕೂ ತಜ್ಞರೇ ಬೇಕೆಂದಿಲ್ಲ. 1980ರ ದಶಕದಲ್ಲಿ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟಿತ್ತು. ಅದೇ ಮುಂದೆ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ 5 ಭೇಟಿಗಳ ವಿಧಾನವನ್ನು ತರಬೇತಿ ಪಡೆದ ಸಾಮಾನ್ಯರೂ ನಡೆಸಬಹುದು. ಉಸಿರಾಟದ ಅಭ್ಯಾಸದ ಜೊತೆಗೆ, ಬಿಡಿಸಬಹುದಾದ ಒಂದು ಸಮಸ್ಯೆಯನ್ನು ಆರಿಸಿಕೊಂಡು ಬಿಡಿಸುವುದು, ಬಿಟ್ಟುಹೋದ ಕೆಲಸಗಳಿಗೆ ಮರಳುವುದು, ನೆರವಾಗುವ ಜನರನ್ನು ಹುಡುಕಿಕೊಳ್ಳುವುದು ಅದರಲ್ಲಿವೆ. ಆತ್ಮಹತ್ಯೆಯ ಯೋಚನೆ ಕಂಡರೆ ಮಾತ್ರ ತಡಮಾಡದೆ ತಜ್ಞರ ಬಳಿ ಕಳಿಸಬೇಕು.

ತಕ್ಷಣ ಮಾತಾಡಬೇಕೆನಿಸಿದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು, ಬಂಗಾಳಿಯಲ್ಲೂ.