ಅಂಪೈರ್ ಇಲ್ಲದ ಆಟ: ಹ್ಯಾಮ್ ರೇಡಿಯೊ ಕಾಂಟೆಸ್ಟ್‌ನಲ್ಲಿ ಯಾವುದು ಮೋಸ?

ಹ್ಯಾಮ್ ರೇಡಿಯೊ ಅಂದ ತಕ್ಷಣ ನಮಗೆ ನೆನಪಾಗೋದು ಪ್ರವಾಹ, ಭೂಕಂಪ. ಮೊಬೈಲ್ ಟವರ್ ಕೈಕೊಟ್ಟಾಗ ಸಂದೇಶ ಮುಟ್ಟಿಸುವವರು ಅಂತ. ಅದು ನಿಜ. ಆದರೆ ಇದೇ ಜನ ಒಂದು ಆಟವನ್ನೂ ಆಡ್ತಾರೆ. ಅದಕ್ಕೆ ಕಾಂಟೆಸ್ಟಿಂಗ್ ಅಂತ ಹೆಸರು. ಅಲ್ಲಿ ಮೈದಾನ ಇಲ್ಲ, ಅಂಪೈರ್ ಇಲ್ಲ, ಎದುರಾಳಿ ಕಣ್ಣಿಗೆ ಕಾಣೋದೂ ಇಲ್ಲ. ಆದರೂ ಅದರ ನಿಯಮಗಳ ಬಗ್ಗೆ ವರ್ಷಗಳಿಂದ ಜಗಳ ನಡೀತಾನೇ ಇದೆ. ಕೋಡಿಂಗ್ ಕಾಂಟೆಸ್ಟ್‌ಗಳಲ್ಲಿ ಎಐ ಬಳಸಬಹುದಾ ಅಂತ ವಾದ ಮಾಡುವ ನಮಗೆ ಆ ಜಗಳ ಹೊಸದು ಅನ್ನಿಸೋದಿಲ್ಲ.

ಆಟ ಹೇಗೆ?

ದೊಡ್ಡ ಸ್ಪರ್ಧೆಗಳಲ್ಲಿ ಒಂದಾದ ಸಿಕ್ಯೂ ವರ್ಲ್ಡ್ ವೈಡ್ ತಗೊಳ್ಳೋಣ. ಮಾತಿನ ಸ್ಪರ್ಧೆ ಅಕ್ಟೋಬರ್‌ನ ಕೊನೆಯ ಪೂರ್ತಿ ವಾರಾಂತ್ಯದಲ್ಲಿ, ಮೋರ್ಸ್ ಸ್ಪರ್ಧೆ ನವೆಂಬರ್‌ನ ಕೊನೆಯ ಪೂರ್ತಿ ವಾರಾಂತ್ಯದಲ್ಲಿ. ಒಟ್ಟು 48 ಗಂಟೆ. ನಮ್ಮ ಸಮಯದಲ್ಲಿ ಶನಿವಾರ ಬೆಳಿಗ್ಗೆ 5:30ಕ್ಕೆ ಶುರುವಾದರೆ ಸೋಮವಾರ ಬೆಳಿಗ್ಗೆ 5:30ಕ್ಕೆ ಮುಗಿಯುತ್ತೆ. 160 ಮೀಟರ್‌ನಿಂದ 10 ಮೀಟರ್‌ವರೆಗೆ ಆರು ಬ್ಯಾಂಡ್‌ಗಳಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ಮಾತಾಡಿಸಬೇಕು.

ಮಾತಾಡಿಸೋದು ಅಂದ್ರೆ ಹರಟೆ ಅಲ್ಲ. ಕಾಲ್‌ಸೈನ್ ಹೇಳಬೇಕು, ಆಮೇಲೆ ಸಿಗ್ನಲ್ ಹೇಗಿದೆ ಅನ್ನೋ ರಿಪೋರ್ಟ್ ಮತ್ತು ನಮ್ಮ ವಲಯದ ಸಂಖ್ಯೆ. ಜಗತ್ತನ್ನು 40 ವಲಯ ಮಾಡಿದ್ದಾರೆ, ನಾವು ಇರೋದು 22ರಲ್ಲಿ. ಹಾಗಾಗಿ ಬೆಂಗಳೂರಿನವರು "59 22" ಅಂತಾರೆ. 59 ಅಂದ್ರೆ ನಿಮ್ಮ ಸಿಗ್ನಲ್ ಸ್ಪಷ್ಟವಾಗಿ, ಜೋರಾಗಿ ಕೇಳಿಸ್ತಿದೆ ಅಂತ. ತಮಾಷೆ ಏನು ಗೊತ್ತಾ? "ಏನು? ಇನ್ನೊಂದ್ಸಲ ಹೇಳಿ" ಅಂತ ಮೂರು ಸಲ ಕೇಳಿ ಆದಮೇಲೂ ಕೊಡೋದು 59 ನೇ! ಎಲ್ಲರಿಗೂ ಒಂದೇ ಮಾರ್ಕ್ಸ್ ಕೊಡೋದಾದ್ರೆ ಅದನ್ನು ತೆಗೆದೇ ಹಾಕಿ ಅಂತ ಕೆಲವರು ವಾದಿಸ್ತಾರೆ. ಆ ಎರಡು ಅಂಕಿಯಷ್ಟು ಹೊತ್ತಿನಲ್ಲಿ ಕಿವಿ ಆ ಸಿಗ್ನಲ್‌ಗೆ ಹೊಂದಿಕೊಳ್ಳುತ್ತೆ, ಇರಲಿ ಬಿಡಿ ಅಂತ ಇನ್ನು ಕೆಲವರು.

ಸ್ಕೋರ್ ಲೆಕ್ಕ

ಬೇರೆ ಖಂಡದ ಸ್ಟೇಷನ್ ಸಿಕ್ಕಿದರೆ 3 ಪಾಯಿಂಟ್. ನಮ್ಮದೇ ಖಂಡದ ಬೇರೆ ದೇಶ ಆದರೆ 1. ನಮ್ಮದೇ ದೇಶ ಆದರೆ ಸೊನ್ನೆ. ಇದರ ಜೊತೆ ಪ್ರತಿ ಬ್ಯಾಂಡ್‌ನಲ್ಲೂ ಹೊಸ ದೇಶ, ಹೊಸ ವಲಯ ಸಿಕ್ಕಾಗ ತಲಾ ಒಂದು ಮಲ್ಟಿಪ್ಲೈಯರ್. ಕೊನೆಗೆ ಪಾಯಿಂಟ್‌ಗಳನ್ನು ಮಲ್ಟಿಪ್ಲೈಯರ್‌ಗಳಿಂದ ಗುಣಿಸಬೇಕು.

ನಿಮ್ಮ ಹತ್ತಿರ ಯುರೋಪಿನ 300 ಸಂಪರ್ಕ ಇದೆ ಅಂದ್ಕೊಳ್ಳಿ. 900 ಪಾಯಿಂಟ್. ಮಲ್ಟಿಪ್ಲೈಯರ್ 60. ಸ್ಕೋರ್ 54,000. ಈಗ ಇನ್ನೊಂದು ಮಾಮೂಲಿ ಜರ್ಮನ್ ಸ್ಟೇಷನ್ ಸಿಕ್ಕಿತು: 903 × 60, ಅಂದ್ರೆ 180 ಹೆಚ್ಚಾಯಿತು. ಅದರ ಬದಲು ಬೇರೆ ಖಂಡದ ಒಂದು ಹೊಸ ದೇಶ ಸಿಕ್ಕಿದ್ದರೆ: 903 × 61, ಅಂದ್ರೆ 1,083 ಹೆಚ್ಚು. ಆರು ಪಟ್ಟು ಲಾಭ! ಜಗಳದ ಬೇರು ಇರೋದು ಇಲ್ಲೇ. ಅಪರೂಪದ ದೇಶದ ಸ್ಟೇಷನ್ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಯಾರಾದ್ರೂ ಹೇಳಿಬಿಟ್ಟರೆ, ಗಂಟೆಗಟ್ಟಲೆ ಡಯಲ್ ತಿರುಗಿಸಿ ಹುಡುಕುವ ಕೆಲಸ ಉಳಿಯುತ್ತೆ.

ಹುಡುಕಿದ್ದು ಯಾರು?

ಹಾಗೆ ಹೇಳುವ ವ್ಯವಸ್ಥೆ ಇದೆ. ಅದೇ ಡಿಎಕ್ಸ್ ಕ್ಲಸ್ಟರ್. ಒಬ್ಬರಿಗೆ ಒಂದು ಸ್ಟೇಷನ್ ಕೇಳಿಸಿದರೆ ಅದರ ಕಾಲ್‌ಸೈನ್ ಮತ್ತು ಫ್ರೀಕ್ವೆನ್ಸಿ ಅಲ್ಲಿ ಹಾಕ್ತಾರೆ, ಎಲ್ಲರ ಸ್ಕ್ರೀನ್‌ನಲ್ಲೂ ಬರುತ್ತೆ. 2008ರಲ್ಲಿ ಸಿಡಬ್ಲ್ಯೂ ಸ್ಕಿಮ್ಮರ್ ಅನ್ನೋ ಸಾಫ್ಟ್‌ವೇರ್ ಬಂದಮೇಲೆ ಮನುಷ್ಯ ಕೇಳಿ ಹಾಕುವ ಅಗತ್ಯವೂ ಹೋಯಿತು. ಅದು ಒಂದು ದೊಡ್ಡ ಪಟ್ಟಿಯಲ್ಲಿರುವ ಮೋರ್ಸ್ ಸಿಗ್ನಲ್‌ಗಳನ್ನೆಲ್ಲ ಒಟ್ಟಿಗೆ ಡಿಕೋಡ್ ಮಾಡುತ್ತೆ. ಡಿಎಸ್‌ಪಿ ಸಬ್ಜೆಕ್ಟ್ ಓದಿದವರಿಗೆ ಇದು ಎಂಥ ಚಂದದ ಕೆಲಸ ಅಂತ ಗೊತ್ತಾಗುತ್ತೆ. ಆದರೆ ಕಿವಿಯನ್ನೇ ನಂಬಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಹೊಟ್ಟೆ ಉರಿಯದೆ ಇರುತ್ತಾ?

ಇದಕ್ಕೆ ಎರಡು ಥರದ ಉತ್ತರ ಬಂತು. ಸಿಕ್ಯೂ ವರ್ಲ್ಡ್ ವೈಡ್ ಸಹಾಯ ಪಡೆದವರಿಗೆ ಬೇರೆ ವಿಭಾಗವನ್ನೇ ಮಾಡಿತು. ನಿಮ್ಮ ಮನೆಯಲ್ಲೇ ಸ್ಕಿಮ್ಮರ್ ಓಡಿಸಿದರೂ ಅದು ಸಹಾಯವೇ. ಜರ್ಮನಿಯ ಹ್ಯಾಮ್ ಸಂಘಟನೆ ನಡೆಸುವ ಡಬ್ಲ್ಯೂಎಇ ಸ್ಪರ್ಧೆ ಮಾತ್ರ ಎಲ್ಲರಿಗೂ ಕ್ಲಸ್ಟರ್ ಬಳಸೋಕೆ ಬಿಟ್ಟಿದೆ. ಯಾರು ಬಳಸಿದರು ಅಂತ ಪತ್ತೆ ಮಾಡುವ ತಲೆನೋವೇ ಇಲ್ಲ.

ಸಿಕ್ಕಿಬೀಳೋದು ಹೇಗೆ?

ಬಾಗಿಲು ಹಾಕಿಕೊಂಡು ಕೂತವರು ಏನು ಮಾಡಿದರು ಅಂತ ಯಾರಿಗೆ ಗೊತ್ತಾಗುತ್ತೆ? ಲಾಗ್‌ಗೆ ಗೊತ್ತಾಗುತ್ತೆ. ಎಲ್ಲರೂ ಕಳಿಸಿದ ಲಾಗ್‌ಗಳನ್ನು ಕಂಪ್ಯೂಟರ್ ಒಂದಕ್ಕೊಂದು ತಾಳೆ ನೋಡುತ್ತೆ. ನನ್ನ ಲಾಗ್‌ನಲ್ಲಿ ನೀವಿದ್ದು, ನಿಮ್ಮ ಲಾಗ್‌ನಲ್ಲಿ ನಾನಿಲ್ಲದಿದ್ದರೆ ಆ ಸಂಪರ್ಕ ಹೋಯಿತು, ಮೇಲೆ ದಂಡ ಬೇರೆ. ಕಾಲ್‌ಸೈನ್‌ನ ಒಂದು ಅಕ್ಷರ ತಪ್ಪಾಗಿದ್ದರೂ ಅಷ್ಟೇ. ಕ್ಲಸ್ಟರ್‌ನಲ್ಲಿ ಅಪರೂಪದ ಸ್ಟೇಷನ್ ಬಂದ ಕೂಡಲೇ ನೀವು ಪ್ರತಿಸಲವೂ ಅಲ್ಲಿಗೆ ಹಾರಿದ್ದರೆ ಅದೂ ಲಾಗ್‌ನಲ್ಲಿ ಕಾಣುತ್ತೆ. ಮೇಲಿನ ಸ್ಥಾನಕ್ಕೆ ಪೈಪೋಟಿ ಮಾಡುವ ಸಿಂಗಲ್ ಆಪರೇಟರ್‌ಗಳು ಸ್ಪರ್ಧೆಯ ಆಡಿಯೊ ರೆಕಾರ್ಡ್ ಮಾಡಿ ಇಟ್ಟುಕೊಂಡಿರಬೇಕು, ಕೇಳಿದರೆ ಕೊಡಬೇಕು.

ಇನ್ನೊಂದು ಕಡ್ಡಾಯ ನಿಯಮ: ಟ್ರಾನ್ಸ್‌ಮಿಟರ್, ರಿಸೀವರ್ ಎಲ್ಲವೂ 500 ಮೀಟರ್ ವ್ಯಾಸದ ಒಂದು ವೃತ್ತದೊಳಗೆ ಇರಬೇಕು. ನಗರದ ಅಪಾರ್ಟ್‌ಮೆಂಟ್‌ನಲ್ಲಿ ಎಲ್‌ಇಡಿ, ಇನ್ವರ್ಟರ್‌ಗಳ ಗದ್ದಲದಲ್ಲಿ ಏನೂ ಕೇಳಿಸ್ತಿಲ್ಲ ಅಂತ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್‌ನಲ್ಲಿ ಕೇಳಿಕೊಂಡು ಇಲ್ಲಿಂದ ಉತ್ತರಿಸಿದರೆ ಅದು ಮೋಸ. ಆದರೆ ಇಡೀ ಸ್ಟೇಷನ್ ಹಳ್ಳಿಯ ಮನೆಯಲ್ಲಿದ್ದು, ನೀವು ಇಂಟರ್ನೆಟ್ ಮೂಲಕ ಅದನ್ನು ನಡೆಸಿದರೆ ಸ್ಪರ್ಧೆಗೆ ತಕರಾರಿಲ್ಲ.

ಊರು ಗೆದ್ದಿತಾ, ನೀವು ಗೆದ್ದಿರಾ?

ಎಲ್ಲರೂ ಪ್ರಾಮಾಣಿಕರಾಗಿದ್ದರೂ ಸ್ಪರ್ಧೆ ಸಮ ಆಗೋದಿಲ್ಲ. ಇಂಗ್ಲೆಂಡಿನವರಿಗೆ ಪಕ್ಕದ ಜರ್ಮನಿ 1 ಪಾಯಿಂಟ್. ಕೆನರಿ ದ್ವೀಪಗಳು ಲೆಕ್ಕದಲ್ಲಿ ಆಫ್ರಿಕಾ, ಹಾಗಾಗಿ ಅಲ್ಲಿ ಕೂತವರಿಗೆ ಅದೇ ಜರ್ಮನಿ 3. ಪವರ್ ಕೂಡ ಹಾಗೇ. ಹೈ ಪವರ್ ವಿಭಾಗದಲ್ಲಿ 1,500 ವ್ಯಾಟ್‌ವರೆಗೆ ಅವಕಾಶ ಇದೆ. ಆದರೆ ನಮ್ಮಲ್ಲಿ ಜನರಲ್ ಲೈಸೆನ್ಸ್‌ಗೆ 400 ವ್ಯಾಟ್ ಮಿತಿ.

ಇದನ್ನು ಸರಿ ಮಾಡೋಕೆ ಅಂತಲೇ 1990ರಲ್ಲಿ ಸಿಯಾಟಲ್‌ನಲ್ಲಿ ಡಬ್ಲ್ಯೂಆರ್‌ಟಿಸಿ ಅನ್ನೋ ಚಾಂಪಿಯನ್‌ಶಿಪ್ ಶುರುವಾಯಿತು. 2018ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಸುತ್ತಮುತ್ತ ನಡೆಯಿತು. ಎಲ್ಲ ತಂಡಗಳೂ ಒಂದೇ ಪ್ರದೇಶದಲ್ಲಿ, ಒಂದೇ ಥರದ ಆಂಟೆನಾ, 100 ವ್ಯಾಟ್. ಪ್ರತಿ ತಂಡದ ಪಕ್ಕದಲ್ಲಿ ಒಬ್ಬ ರೆಫರಿ. ಗೆಳೆಯರು ಗುರುತು ಹಿಡಿದು ಸಹಾಯ ಮಾಡಬಾರದು ಅಂತ ಕಾಲ್‌ಸೈನ್ ಕೊಡೋದು ಕೊನೇ ಗಳಿಗೆಯಲ್ಲಿ.

ಆದರೆ ಪ್ರತಿ ವಾರಾಂತ್ಯವೂ ಹಾಗೆ ನಡೆಸೋಕೆ ಆಗಲ್ಲ. ಉಳಿದ ಸ್ಪರ್ಧೆಗಳಲ್ಲಿ ಲಾಗ್‌ನ ಮೇಲ್ಗಡೆ ನೀವೇ ನಿಮ್ಮ ವಿಭಾಗ ಬರೆಯಬೇಕು. ನನಗೆ ಈ ಒಂದು ಸಾಲೇ ಇಡೀ ಆಟದ ಮುಖ್ಯ ನಿಯಮ ಅನ್ನಿಸುತ್ತೆ. ಕ್ಲಸ್ಟರ್ ನೋಡೋದು ಯಾರಿಗೂ ಅವಮಾನ ಅಲ್ಲ, ಅದಕ್ಕೆ ಅಂತ ವಿಭಾಗವೇ ಇದೆ. ನೋಡಿ, ನೋಡಿಲ್ಲ ಅಂತ ಬರೆದರೆ, 48 ಗಂಟೆ ನಿದ್ದೆಗೆಟ್ಟು ನಿಜವಾಗಿ ಕಿವಿಯಿಂದಲೇ ಹುಡುಕಿದವರ ಸ್ಥಾನವನ್ನು ಕಿತ್ತುಕೊಂಡ ಹಾಗೆ. ಮುಂದಿನ ಹ್ಯಾಕಥಾನ್‌ಗೆ ನಮ್ಮ ಕಾಲೇಜಿನಲ್ಲೂ ಎರಡು ವಿಭಾಗ ಮಾಡಿದರೆ ಹೇಗಿರುತ್ತೆ? ನೀವೇ ಹೇಳಿ.