ಕಾಣದ ಹಿಮಚಿರತೆ

ಮನೆಯಲ್ಲಿ ಸಾವಾದಾಗ ನಾಲ್ಕು ದಿನ ನೆಂಟರಿಷ್ಟರು ಇರುತ್ತಾರೆ. ಅಳುವವರಿಗೆ ಹೆಗಲು ಸಿಗುತ್ತದೆ. ಕಾರ್ಯ ಮುಗಿದು, ಶಾಮಿಯಾನ ಬಿಚ್ಚಿ, ಕೊನೆಯ ನೆಂಟನೂ ಬಸ್ಸು ಹತ್ತಿದ ಮೇಲೆ ನಿಜವಾದ ದುಃಖ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಆಗ ಮನುಷ್ಯ ಎಲ್ಲಿಗೆ ಹೋಗಬೇಕು?

ಅಮೆರಿಕದ ಲೇಖಕ, ನಿಸರ್ಗತಜ್ಞ ಪೀಟರ್ ಮ್ಯಾಥಿಸನ್ ಹಿಮಾಲಯಕ್ಕೆ ಹೋದರು. 1972ರ ಜನವರಿಯಲ್ಲಿ ಅವರ ಪತ್ನಿ ಡೆಬೊರಾ ಲವ್ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಇಬ್ಬರೂ ಝೆನ್ ಧ್ಯಾನಮಾರ್ಗದ ಸಾಧಕರು. ಹಾಗೆಂದು ಅವರ ಸಂಸಾರ ಸಮರಸವಾಗಿತ್ತೆಂದಲ್ಲ. ಬೇರೆಯಾಗುವ ಮಾತೂ ಒಮ್ಮೆ ಬಂದಿತ್ತು. ಜಗಳವಾಡಿ ಮತ್ತೆ ಕೂಡಿದವರಲ್ಲಿ ಒಬ್ಬರು ಹೋದರೆ ಉಳಿದವರ ಸಂಕಟ ಇಮ್ಮಡಿ. ಕೇಳಬೇಕಾದ ಕ್ಷಮೆ ಗಂಟಲಲ್ಲೇ ಉಳಿದಿರುತ್ತದೆ.

1973ರ ಸೆಪ್ಟೆಂಬರ್ ಕೊನೆಗೆ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಅವರೊಡನೆ ನೇಪಾಳದ ಪೋಖರಾದಿಂದ ನಡಿಗೆ ಆರಂಭವಾಯಿತು. ಶಾಲರ್‌ಗೆ ಬೇಕಾಗಿದ್ದುದು ಭರಲ್ ಎಂಬ ನೀಲಿ ಕುರಿ. ಅದು ಕುರಿಯೋ ಮೇಕೆಯೋ ಎಂಬುದನ್ನು ಅದರ ನಡವಳಿಕೆಯಿಂದ ತಿಳಿಯಬೇಕಿತ್ತು. ಅವು ಕೂಡುವ ಕಾಲ ಚಳಿಗಾಲದ ಹೊಸ್ತಿಲು. ಆದ್ದರಿಂದಲೇ ಜನರೆಲ್ಲ ಬೆಟ್ಟ ಇಳಿಯುವ ಹೊತ್ತಿಗೆ ಇವರು ಬೆಟ್ಟ ಏರಿದರು. ಭರಲ್ ಇದ್ದಲ್ಲಿ ಅದನ್ನು ತಿನ್ನುವ ಹಿಮಚಿರತೆಯೂ ಇರುತ್ತದೆ. ಬೂದಿ ಬಣ್ಣ, ಮಾರುದ್ದದ ದಪ್ಪ ಬಾಲ, ಬಂಡೆಯ ಮೇಲೆ ಮಲಗಿದರೆ ಬಂಡೆಯೇ. ಮ್ಯಾಥಿಸನ್‌ಗೆ ಅದನ್ನೊಮ್ಮೆ ಕಾಣಬೇಕೆಂಬ ಆಸೆ.

ಫೋಕ್ಸುಂಡೋ ಸರೋವರ ದಾಟಿ, ಐದು ಸಾವಿರ ಮೀಟರಿಗೂ ಎತ್ತರದ ಕಾಂಗ್ ಲಾ ಕಣಿವೆದಾರಿಯ ಹಿಮ ತುಳಿದು, ಸ್ಫಟಿಕ ಪರ್ವತದ ಬುಡದ ಶೇ ಮಠ ತಲುಪಿದಾಗ ಅದಕ್ಕೆ ಬೀಗ! ಅಲ್ಲಿಯ ಲಾಮಾ ಎಲ್ಲಿ? ಎದುರಿನ ಬಂಡೆಗೆ ಅಂಟಿಕೊಂಡಂತಿದ್ದ ಸಣ್ಣ ಆಶ್ರಮದಲ್ಲಿ, ಕಾಲು ಊನವಾದ ಒಬ್ಬ ಸನ್ಯಾಸಿ ಆಡಿನ ಚರ್ಮ ಹದಮಾಡುತ್ತಿದ್ದ. ಯಾರೋ ಸಾಮಾನ್ಯ ಮರಿ ಎಂದುಕೊಂಡು ಇವರು ಮುಂದೆ ಹೋದರು. ಅವನೇ ಲಾಮಾ ಎಂದು ಆಮೇಲೆ ತಿಳಿಯಿತು. ನಮ್ಮಲ್ಲೂ ಹೀಗೆಯೇ ಅಲ್ಲವೇ? ಗದ್ದುಗೆ ನೋಡಿ ನಮಸ್ಕರಿಸುತ್ತೇವೆ, ಕೈಯಲ್ಲಿ ಕಾಯಕ ಹಿಡಿದವನನ್ನು ದಾಟಿ ಹೋಗುತ್ತೇವೆ. ಈ ಏಕಾಂತ ಬೇಸರವಿಲ್ಲವೇ ಎಂದು ಕೇಳಿದಾಗ ಲಾಮಾ ತನ್ನ ತಿರುಚಿದ ಕಾಲುಗಳನ್ನು ತೋರಿಸಿ ನಕ್ಕುಬಿಟ್ಟನಂತೆ. ಬೇರೆ ದಾರಿಯೇ ಇಲ್ಲದಾಗ ಇರುವುದನ್ನೇ ಸಂತೋಷದಿಂದ ಒಪ್ಪಿದವನ ನಗೆ ಅದು.

ಮ್ಯಾಥಿಸನ್ ದಿನವೂ ಇಳಿಜಾರಿನಲ್ಲಿ ಒಬ್ಬರೇ ಕೂತರು. ಹೆಜ್ಜೆ ಗುರುತು ಕಂಡಿತು, ನೆಲ ಕೆರೆದ ಗುರುತು ಕಂಡಿತು, ಹಿಕ್ಕೆ ಕಂಡಿತು. ಚಿರತೆ ಕಾಣಲಿಲ್ಲ. ನವೆಂಬರ್ 18ರಂದು ಶಾಲರ್‌ರನ್ನು ಅಲ್ಲಿಯೇ ಬಿಟ್ಟು ಅವರು ಹಿಂದಿರುಗಿದರು. ಕಾಣದೆ ಹೋದುದನ್ನು ಸೋಲೆಂದು ಅವರು ಬರೆಯಲಿಲ್ಲ. 1978ರಲ್ಲಿ ಬಂದ ‘ದಿ ಸ್ನೋ ಲೆಪರ್ಡ್’ ಪುಸ್ತಕದಲ್ಲಿ ಪತ್ನಿಯ ನೆನಪು ಬೆಟ್ಟದ ಹಾದಿಯ ಜೊತೆಗೇ ಹೆಣೆದುಕೊಂಡಿದೆ. ಆ ಕೃತಿಗೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು.

ಒಂದು ಮಾತು ಮಾತ್ರ ಮನಸ್ಸನ್ನು ಕುಟುಕುತ್ತದೆ. ತಾಯಿಯಿಲ್ಲದ ಎಂಟು ವರ್ಷದ ಮಗನನ್ನು ಊರಲ್ಲಿ ಬಿಟ್ಟು ಹೊರಟಿದ್ದರು ಈ ತಂದೆ. ತಮ್ಮ ದುಃಖ ಹೊತ್ತು ಬೆಟ್ಟ ಹತ್ತಿದರು ಸರಿ, ಮಗುವಿನ ದುಃಖ ಹೊರುವವರು ಯಾರು? ಇದನ್ನು ಅವರು ಮುಚ್ಚಿಡಲಿಲ್ಲ, ದಾರಿಯುದ್ದಕ್ಕೂ ಅದು ಅವರನ್ನು ಚುಚ್ಚಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದರು. ಆ ವರ್ಷ ಹಬ್ಬ ನವೆಂಬರ್ 22ಕ್ಕೆ ಬಂತು. ಆ ದಿನ ಅಪ್ಪ ಇನ್ನೂ ಬೆಟ್ಟ ಇಳಿಯುತ್ತಲೇ ಇದ್ದರು.