ಕರೆಯದೆ ಬಂದ ಸೇವಂತಿಗೆ

ಮುಂಗಾರಿನ ಮೊದಲ ಮಳೆ ಬಿದ್ದು ಹದಿನೈದು ದಿನಗಳಾಗಿದ್ದುವು. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ, ತುಳಸೀಕಟ್ಟೆಯ ಪಕ್ಕದ ಪಾತಿಯಲ್ಲಿ, ಯಾರೂ ನೆಡದ ಸಸಿಯೊಂದು ಕಾಣಿಸಿಕೊಂಡಿತು. ನೆಲಕ್ಕೆ ಅಂಟಿದಂತೆ ವೃತ್ತಾಕಾರವಾಗಿ ಹರಡಿದ ತೆಳುಹಸಿರಿನ ಎಲೆಗಳು. ಎಲೆಯ ಅಂಚಿನಲ್ಲಿ ಆಳವಾದ ಸೀಳುಗಳು.

"ಸೇವಂತಿಗೆಯಲ್ಲವೆ?" ಎಂದರು ಅಜ್ಜಿ. ತಾತನವರಿಗೂ ಹಾಗೆಯೇ ತೋರಿತು. ಪಾತಿಗೆಂದು ತರಿಸಿದ ಗೊಬ್ಬರದ ಮಣ್ಣಿನೊಡನೆ ಬೇರಿನ ತುಂಡು ಬಂದಿರಬೇಕೆಂದು ಇಬ್ಬರೂ ತೀರ್ಮಾನಿಸಿದರು. ದಿನಕ್ಕೊಂದು ಚೊಂಬು ನೀರು ಅದಕ್ಕೆ ಮೀಸಲಾಯಿತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಗಿಡ ಸೊಂಟದೆತ್ತರ ಬೆಳೆದು ಕವಲೊಡೆಯಿತು. ಆದರೆ ಅರಳಿದುದು ಸೇವಂತಿಗೆಯಲ್ಲ. ಜೋಳದ ಕಾಳಿನಷ್ಟೇ ದೊಡ್ಡದಾದ ಬಿಳಿಯ ಹೂಗಳು. ಅಷ್ಟರಲ್ಲಿ ದಿನವೂ ಗಿಡದ ಒಣಗಿದ ಎಲೆಗಳನ್ನು ಚಿವುಟುತ್ತಿದ್ದ ತಾತನವರ ಮೊಣಕೈಯ ಮಡಿಕೆಯಲ್ಲಿ, ಕತ್ತಿನಲ್ಲಿ, ಕಣ್ಣಿನ ರೆಪ್ಪೆಯ ಮೇಲೆ ತಾಳಲಾರದ ತುರಿಕೆ ಮೊದಲಾಗಿತ್ತು. ಸೆಕೆಯ ಗುಳ್ಳೆಯೆಂದು ಅಜ್ಜಿ ಗಂಧ ತೇಯ್ದು ಹಚ್ಚಿದರು. ಗುಣ ಕಾಣಲಿಲ್ಲ.

ರಜೆಗೆ ಬಂದ ಮೊಮ್ಮಗಳು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಅವಳು ಗಿಡವನ್ನು ಮುಟ್ಟದೆಯೇ ನೋಡಿದಳು. ಕಾಂಡದ ಉದ್ದಕ್ಕೂ ಗೀರುಗಳು, ಮೇಲೆ ಸಣ್ಣ ರೋಮ. ಹೂವಿನ ಅಂಚಿಗೆ ಐದೇ ಐದು ಪುಟ್ಟ ಎಸಳುಗಳಿದ್ದು, ಮೇಲಿನಿಂದ ನೋಡಿದರೆ ಅದು ಐದು ಮೂಲೆಯ ಬಿಲ್ಲೆಯಂತಿತ್ತು. ಸೇವಂತಿಗೆಯ ಎಲೆ ಇದಕ್ಕಿಂತ ದಪ್ಪ, ಸೀಳುಗಳೂ ಅಗಲ. ಈ ಎಲೆಯಾದರೋ ಗಜ್ಜರಿಯ ಸೊಪ್ಪಿನಂತೆ ಮತ್ತೆ ಮತ್ತೆ ಸೀಳಿದೆ. "ಅಜ್ಜಿ, ನೀವು ಸಾಕಿದ್ದು ಪಾರ್ಥೇನಿಯಂ. ಜನ ಕಾಂಗ್ರೆಸ್ ಗಿಡವೆನ್ನುವುದು ಇದನ್ನೇ" ಎಂದಳು.

ರಸ್ತೆಯ ಬದಿಯಲ್ಲಿ ಪೊದೆಪೊದೆಯಾಗಿ ಬೆಳೆದಾಗ ಎಲ್ಲರೂ ಗುರುತಿಸುವ ಈ ಕಳೆ, ಎಳೆಯ ಸಸಿಯಾಗಿ ಪಾತಿಯಲ್ಲಿ ಕುಳಿತಾಗ ಬಲ್ಲವರನ್ನೂ ಮೋಸಗೊಳಿಸುತ್ತದೆ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದುದರಿಂದ ಆ ಹೋಲಿಕೆ ಕೇವಲ ಭ್ರಮೆಯೂ ಅಲ್ಲ.

ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದರ ಉಲ್ಲೇಖವುಂಟು. ಆದರೆ ಕಳೆಯಾಗಿ ಇದು ಗಮನಕ್ಕೆ ಬಂದುದು ಪುಣೆಯಲ್ಲಿ, ಆರ್. ಎಸ್. ರಾವ್ ಅವರು 1956ರಲ್ಲಿ ವರದಿ ಮಾಡಿದ ಮೇಲೆ. ಆ ಕಾಲದಲ್ಲಿ ಅಮೆರಿಕದಿಂದ ಬಂದ ಗೋಧಿಯೊಡನೆ ಬೀಜ ಬಂದಿತೆಂಬುದು ಜನಜನಿತವಾದ ಮಾತು. ಬಿಳಿಯ ಹೂ ಗಾಂಧಿ ಟೊಪ್ಪಿಗೆಯನ್ನು ನೆನಪಿಸಿದುದರಿಂದ ಕಾಂಗ್ರೆಸ್ ಎಂಬ ಹೆಸರು ಬಂದಿತೆನ್ನುವವರೂ ಉಂಟು.

ಇದರ ಬಲವೆಲ್ಲ ಬೀಜದಲ್ಲಿದೆ. ಮೊಳೆತ ನಾಲ್ಕಾರು ವಾರಗಳಲ್ಲಿ ಹೂ ಬಿಡುವ ಈ ಗಿಡ, ಚೆನ್ನಾಗಿ ಬೆಳೆದರೆ ಒಂದೊಂದೇ 15,000ಕ್ಕೂ ಮಿಕ್ಕಿ ಬೀಜಗಳನ್ನು ಉದುರಿಸಬಲ್ಲುದು. ಗಾಳಿ, ನೀರು, ವಾಹನದ ಚಕ್ರ, ಗೊಬ್ಬರದ ಗಾಡಿ ಎಲ್ಲವೂ ಅದಕ್ಕೆ ವಾಹನಗಳೇ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ನೆರೆಯ ಸಸ್ಯಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಒಗ್ಗದ ಮನುಷ್ಯರ ಚರ್ಮವನ್ನು ಕೆರಳಿಸುವುದೂ ಅದೇ. ಪರಾಗದಿಂದ ಸೀನು, ನೆಗಡಿ, ಉಬ್ಬಸಗಳೂ ಬರಬಹುದು.

ವಿಜ್ಞಾನಿಗಳು ಇದಕ್ಕೊಂದು ಶತ್ರುವನ್ನು ಹುಡುಕಿದರು. ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಎಂಬ ಪುಟ್ಟ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಈ ಕೀಟ ಮಳೆಗಾಲದಲ್ಲಿ ಎಲೆಗಳನ್ನು ತಿಂದು ಗಿಡವನ್ನು ಬೋಳಾಗಿಸುತ್ತದೆ. ಆದರೆ ಬೇಸಗೆಯಲ್ಲಿ ಅದು ಮಣ್ಣಿನೊಳಗೆ ನಿದ್ರಿಸುತ್ತದೆ; ಕಳೆಗೆ ಅಂಥ ನಿದ್ರೆಯಿಲ್ಲ. ನೀರು ಸಿಕ್ಕಿದಲ್ಲಿ ಅದು ವರ್ಷವಿಡೀ ಮೊಳೆಯುತ್ತದೆ.

ಆದುದರಿಂದ ಮನೆಯ ತೋಟದಲ್ಲಿ ಕೈಯೇ ಮದ್ದು. ಹೂ ಬಿಡುವ ಮುನ್ನ, ನೆಲ ಹಸಿಯಾಗಿರುವಾಗ, ಬೇರುಸಹಿತ ಕೀಳಬೇಕು. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಅವಶ್ಯ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟುದನ್ನು ಎಂದಿಗೂ ಹಾಕಬಾರದು. ತೆರವಾದ ನೆಲವನ್ನು ಖಾಲಿ ಬಿಡದೆ ಚೆಂಡುಹೂವಿನಂಥ ಬೇಗ ಹಬ್ಬುವ ಗಿಡವನ್ನು ಬೆಳೆಸಿದರೆ ಕಳೆಗೆ ಎಡೆ ಕಡಿಮೆ.

ಹೂ ತುಂಬಿದ ಗಿಡವನ್ನು, ಅದೂ ತುಳಸಿಯ ಮಗ್ಗುಲಲ್ಲಿ, ಕೀಳುವುದಕ್ಕೆ ಅಜ್ಜಿಗೆ ಮನಸ್ಸಾಗಲಿಲ್ಲ. "ಎರಡು ತಿಂಗಳು ನೀರೆರೆದಿದ್ದೇನೆ" ಎಂದರು. ತಾತನವರ ಊದಿದ ರೆಪ್ಪೆಗಳತ್ತ ಒಮ್ಮೆ ನೋಡಿ ಸುಮ್ಮನಾದರು. ಮೊಮ್ಮಗಳು ಗಿಡವನ್ನು ಕಿತ್ತಳು.

ವೈದ್ಯರ ಔಷಧದಿಂದ ತುರಿಕೆ ಇಳಿಯಿತು. ಆದರೆ ಒಮ್ಮೆ ಒಗ್ಗದೆಹೋದ ಮೈ ಅದನ್ನು ಸುಲಭವಾಗಿ ಮರೆಯದೆಂದೂ, ಆ ಗಿಡವಿರುವಲ್ಲಿ ಸುಳಿಯಬಾರದೆಂದೂ ಅವರು ತಾತನವರಿಗೆ ಎಚ್ಚರಿಕೆ ಹೇಳಿದರು. ಮೂವತ್ತು ವರ್ಷ ತಾವೇ ಅಗೆದ ಪಾತಿಯನ್ನು ಅವರು ಈಗ ಜಗುಲಿಯಿಂದ ನೋಡುತ್ತಾರೆ.

ಮುಂದಿನ ಮಳೆಗೆ, ಅದೇ ಜಾಗದಲ್ಲಿ, ನೆಲಕ್ಕಂಟಿದ ಹತ್ತಾರು ಹಸಿರು ಚಕ್ರಗಳು ಮೂಡಿದುವು. ಅಜ್ಜಿ ಬಗ್ಗಿ ನೋಡಿ, ನೀರಿನ ಚೊಂಬನ್ನು ಕಟ್ಟೆಯ ಮೇಲಿಟ್ಟು, ಕೈಗವಸನ್ನು ತರಲು ಒಳಗೆ ಹೋದರು.